ಮೇಜಿನ ಕೆಳಗಿನ ಚಾಪೆ

ಅಕ್ಕೋರು ಮೊಣಕಾಲಿನಿಂದ ಪಾದದ ಹರಡಿನವರೆಗೆ ಎರಡೂ ಕಾಲಿಗೆ ಹಳೇ ಸೀರೆ ಹರಿದು ಮಾಡಿದ ಪಟ್ಟಿ ಸುತ್ತಿರುತ್ತಿದ್ದರು. ಒಂದು ವಾರ ಹಸಿರು, ಇನ್ನೊಂದು ವಾರ ಮಾಸಿದ ಅರಿಶಿನ ಬಣ್ಣದ್ದು. ತುದಿಗೆ ಒಂದು ಪಿನ್ನು. ಬೋರ್ಡಿನ ಮೇಲ್ಭಾಗ ಒರೆಸಲು ತುದಿಗಾಲಲ್ಲಿ ನಿಂತಾಗ ಸೀರೆಯ ಅಂಚು ಸರಿದು ಪಟ್ಟಿ ಕಾಣುತ್ತಿತ್ತು, ಅದರ ಸಂದಿನಲ್ಲಿ ಊದಿಕೊಂಡ ನೀಲಿ ನರಗಳೂ ಕಾಣುತ್ತಿದ್ದವು. ಮಕ್ಕಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಪಾಠ ಹೇಳುವ ಹೆಂಗಸರಿಗೆಲ್ಲ ಕಾಲಿಗೆ ಪಟ್ಟಿ ಇರುತ್ತದೆ ಎಂದೇ ತಿಳಿದಿದ್ದವು. ನಾನು ಹೋದ ಮೊದಲ ದಿನವೇ ಒಂದನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಸೀರೆಯ ಅಂಚು ಎತ್ತಿ ನೋಡಿ, "ಈ ಅಕ್ಕೋರಿಗೆ ಪಟ್ಟಿ ಇಲ್ಲ ಕಣ್ರೋ!" ಎಂದು ಶಾಲೆಗೆಲ್ಲ ಕೇಳುವಂತೆ ಕೂಗಿದಳು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಚನ್ನಗಿರಿ ಕಡೆಯವಳು, ಆಗಿನ್ನೂ ಶಿಕ್ಷಕರ ತರಬೇತಿ ಓದುತ್ತಿದ್ದೆ. ಪಾಠ ಮಾಡಿ ಕಲಿಯಲಿ ಎಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಊರೂರಿನ ಶಾಲೆಗಳಿಗೆ ಹಂಚಿದಾಗ ನನ್ನ ಪಾಲಿಗೆ ಬಂದದ್ದು ಹೊನ್ನಾಳಿಯ ಹೊಳೆ ಹತ್ತಿರದ ಒಂದು ಪ್ರೈಮರಿ ಶಾಲೆ. ಅಲ್ಲಿ ಒಂದು, ಎರಡು, ಮೂರನೇ ಕ್ಲಾಸುಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಒಬ್ಬರೇ ನಿಭಾಯಿಸುತ್ತಿದ್ದವರು ಈ ಅಕ್ಕೋರು. ದಿನಾ ನ್ಯಾಮತಿಯಿಂದ ಬಸ್ಸಿನಲ್ಲಿ ನಿಂತು ಬರುವುದು, ಸಂಜೆ ಬಸ್ಸಿನಲ್ಲಿ ನಿಂತು ಹೋಗುವುದು. ಕೋಣೆಯಲ್ಲಿ ಒಂದು ಕುರ್ಚಿ ಇತ್ತು. ಅದರ ಮೇಲೆ ಅವರ ಕೈಚೀಲ ಕೂರುತ್ತಿತ್ತು, ಅವರು ಕೂರುತ್ತಿರಲಿಲ್ಲ. ಬೆನ್ನನ್ನು ಗೋಡೆಗೆ ಆನಿಸಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದರು. ನೋಡಲಾರದೆ ಒಮ್ಮೆ ಚೀಲ ಎತ್ತಿ ಕುರ್ಚಿ ಎಳೆದುಕೊಟ್ಟೆ.

"ಬ್ಯಾಡ ಕಣವ್ವ," ಅಂದರು. "ಒಂದ್ಸಲ ಕುಂತ್ನೆಂದ್ರೆ ಮತ್ತೆ ಏಳಾಕೆ ಆಗಾದಿಲ್ಲ ನನಗೆ. ಈ ಮುಂಡೇವು ಮನೀಗೆ ಹೋಗಾ ತನಕ ನಿಂತೇ ಬಿಡ್ತೀನಿ."

ಮಕ್ಕಳನ್ನು ಅವರು ಪ್ರೀತಿಯಿಂದ ಕರೆಯುತ್ತಿದ್ದುದೇ ಹಾಗೆ. ಬೈಗುಳ ಕಡಿಮೆಯಾದ ದಿನ ಅಕ್ಕೋರಿಗೆ ಹುಷಾರಿಲ್ಲ ಎಂದು ಮಕ್ಕಳು ತಿಳಿಯುತ್ತಿದ್ದವು.

ಓದಲು ಬಾರದ ಒಂದು ಮಗುವನ್ನು ಆರಿಸಿಕೊಂಡು ಓದಲು ಕಲಿಸಬೇಕೆಂಬುದು ನಮ್ಮ ತರಬೇತಿಯ ನಿಯಮ. ನಾನು ಆರಿಸುವ ಮೊದಲೇ ಅಕ್ಕೋರು ನನ್ನ ಸೀರೆ ಎತ್ತಿದ ಹುಡುಗಿಯನ್ನು ಮುಂದಕ್ಕೆ ತಳ್ಳಿದರು. "ತಗಾ, ಇವಳ್ನ ನೋಡ್ಕ." ನನಗೆ ನಗು ಬಂತು. ಯಾಕೆಂದರೆ ಹಿಂದಿನ ದಿನ ಸಂಜೆ ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುವಾಗ ಮುಂದೆ ನಿಂತು ಎಲ್ಲರಿಗೂ ಹೇಳಿಕೊಟ್ಟವಳೇ ಅವಳು. ಪುಸ್ತಕ ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟು ಪಾಠವನ್ನು ಗಡಗಡನೆ ಓದಿದಳು. ಓದುತ್ತ ಓದುತ್ತ ಪುಟ ಮುಗಿದದ್ದೂ ಅವಳಿಗೆ ತಿಳಿಯಲಿಲ್ಲ, ಮುಂದಿನ ಪುಟದ್ದನ್ನೂ ಅದೇ ಪುಟದ ಮೇಲೆ ಬೆರಳಾಡಿಸುತ್ತ ಓದಿಬಿಟ್ಟಳು! ಎರಡನೇ ಕ್ಲಾಸಿನವರದ್ದೂ ಮೂರನೇ ಕ್ಲಾಸಿನವರದ್ದೂ ಕೇಳಿದೆ. ಎಲ್ಲವೂ ಬಾಯಿಗೆ ಬರುತ್ತಿತ್ತು. ಮೂರು ಕ್ಲಾಸುಗಳು ಒಂದೇ ಕೋಣೆಯಲ್ಲಿ ರಾಗವಾಗಿ ಕೂಗುವುದನ್ನು ಕೇಳಿ ಕೇಳಿ ಕಲಿತಿದ್ದಳು. ಒಂದಕ್ಷರ ಬೇರೆಯಾಗಿ ಬರೆದು ತೋರಿಸಿದರೆ ಮಾತ್ರ ಮುಖ ಮುಖ ನೋಡುತ್ತಿದ್ದಳು.

ಸರಿ, ಬಣ್ಣದ ಚಾರ್ಟು ಬರೆದೆ, ರಟ್ಟಿನ ಚೀಟಿ ಕತ್ತರಿಸಿದೆ. ಬೆಳಗ್ಗೆ ಮೊದಲ ಪೀರಿಯಡ್ಡಿಗೆ ಅವಳನ್ನು ಮೂಲೆಯಲ್ಲಿ ಕೂರಿಸಿಕೊಂಡೆ. ಚೀಟಿ ತೋರಿಸಿದರೆ ಹುಡುಗಿ ತೂಕಡಿಸುತ್ತಿದ್ದಳು. ಗಲ್ಲ ಹಿಡಿದು ಎತ್ತಿದರೆ ಕಣ್ಣು ಕೆಂಪಗೆ. ಕೂದಲಲ್ಲಿ ಹೊಗೆಯ ವಾಸನೆ, ಬೈತಲೆಯಲ್ಲಿ ಸಣ್ಣ ಮರಳು. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಭಟ್ಟಿ ಹೊತ್ತುವುದು ಕೋಳಿ ಕೂಗುವ ಮೊದಲು. ತಾಯಿ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವಾಗ ಒಲೆಯ ಬಾಯಲ್ಲಿ ಕೂತು ಹಿಡಿ ಹಿಡಿ ಹೊಟ್ಟು ಎಸೆಯುವುದು ಮಗಳ ಕೆಲಸ. ಅಲ್ಲಿಂದ ಎದ್ದು ನೆಟ್ಟಗೆ ಶಾಲೆಗೆ ಬರುತ್ತಿತ್ತು ಕೂಸು. ನನಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ರಾತ್ರಿ ಬರೆದ ಪಾಠ ಟಿಪ್ಪಣಿಯೆಲ್ಲ ನೀರುಪಾಲು. ದಿನಾ ಅದೇ ಪಾಡು, ಸಾಕು ಸಾಕಾಗಿ ಹೋಯಿತು. ಒಂದು ದಿನ ತಡೆಯಲಾರದೆ ಅವಳ ಭುಜ ಹಿಡಿದು ಅಲುಗಾಡಿಸಿದೆ.

"ಬಿಡೇ ಅದನ್ನ," ಎಂದು ಕೂಗಿದರು ಅಕ್ಕೋರು. ಕೂಗಿ, ಚೀಲದಿಂದ ಮಡಿಸಿದ ಒಂದು ಪುಟ್ಟ ಚಾಪೆ ತೆಗೆದು ಮೇಜಿನ ಕೆಳಗೆ ಹಾಸಿದರು. "ಮೊದ್ಲು ಮಲಗ್ಲಿ. ಆಮ್ಯಾಲೆ ಓದ್ಲಿ. ನಿದ್ದೆ ಬಂದ ಕಣ್ಣಿಗೆ ಅಕ್ಷರ ತೋರ್ಸೀಯಲ್ಲ, ನಿನಗೆ ಕಲಿಸ್ದೋರು ಯಾರವ್ವಾ?"

"ಹೆಡ್‌ಮೇಷ್ಟ್ರು ನೋಡಿದ್ರೆ ಅಕ್ಕೋರೆ?"

"ಅದಕ್ಕೇ ನಾನು ನಿಂತಿರಾದು."

ನಿಜಕ್ಕೂ ಹಾಗೇ ನಿಂತರು. ಮೇಜಿನ ಮುಂದೆ, ಬಾಗಿಲಿನ ಕಡೆ ಮುಖ ಮಾಡಿ, ಸೆರಗು ಸ್ವಲ್ಪ ಅಗಲ ಮಾಡಿ. ಅವತ್ತಿನಿಂದ ಮೊದಲ ಪೀರಿಯಡ್ಡು ಹುಡುಗಿ ಮೇಜಿನ ಕೆಳಗೆ ಮಲಗುವುದು, ಅಕ್ಕೋರು ಮರೆಯಾಗಿ ನಿಲ್ಲುವುದು, ನಾನು ಉಳಿದ ಮಕ್ಕಳಿಗೆ ಗಲಾಟೆ ಮಾಡದಂತೆ ಬರೆಯಲು ಕೊಡುವುದು. ಆ ಮಕ್ಕಳಾದರೂ ಎಂಥವು! ಆ ಹೊತ್ತಿನಲ್ಲಿ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದವು. ಎದ್ದ ಮೇಲೆ ಅವಳು ಕೊಳಾಯಿಯಲ್ಲಿ ಮುಖ ತೊಳೆದು, ಲಂಗದಲ್ಲಿ ಒರೆಸಿಕೊಂಡು ನನ್ನ ಮುಂದೆ ಕೂರುತ್ತಿದ್ದಳು. ನನ್ನ ಅಗಸ, ಆನೆಯ ಚಾರ್ಟನ್ನು ಅಕ್ಕೋರು ಮಡಿಸಿ ಇಡಿಸಿದರು. ಮೊದಲು ಬೋರ್ಡಿನ ಮೇಲೆ ಬರೆಸಿದ್ದು ಮಂಡಕ್ಕಿ ಅಂತ. ಅದು ಕಷ್ಟದ ಪದ, ಒಂದನೇ ಪಾಠಕ್ಕೆ ಸಲ್ಲದು ಅಂದೆ. "ದಿನಾ ಬಾಯಾಗೆ ಹಾಕ್ಕಣಾದು ಕಷ್ಟ ಹೆಂಗಾಗ್ತೈತೆ?" ಅಂದರು. ಆಮೇಲೆ ಹೊಟ್ಟು, ಮರಳು, ಒಲೆ, ಅವ್ವ. ಹುಡುಗಿ ಪದದ ಗುರುತು ಹಿಡಿದ ದಿನ ನನಗೆ ಕುಣಿಯುವ ಹಾಗಾಗುತ್ತಿತ್ತು, ಮಾರನೇ ದಿನ ಅದೇ ಪದ ಮರೆತು ಕೂತರೆ ಮನೆಗೆ ಓಡಿಹೋಗಬೇಕು ಅನಿಸುತ್ತಿತ್ತು. ಹೀಗೇ ತಿಂಗಳುಗಳು ಹೋದವು.

ಇಷ್ಟರಲ್ಲಿ ತಾಯಿಗೆ ಸುದ್ದಿ ಮುಟ್ಟಿತು. ಒಂದು ಬೆಳಗ್ಗೆ ಭಟ್ಟಿಯಿಂದ ನೇರ ಬಂದಳು, ಮೈಯೆಲ್ಲ ಬೂದಿ. ಬಂದವಳೇ ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಏನ್ರೀ ಅಕ್ಕೋರೆ ಇದು? ಓದ್ತಾಳೆ ಅಂತ ಕಳಿಸಿದ್ರೆ ಮಲಗಿಸೀರಲ್ರೀ. ಮಲಗಾಕೆ ಇಸ್ಕೂಲು ಯಾಕೆ? ನಡೀಲಿ ನಂಜೊತೆ, ದಿನಪೂರ್ತಿ ಭಟ್ಟ್ಯಾಗಾದ್ರೂ ಕುಂದರ್ತಾಳೆ."

ಅಷ್ಟು ತಿಂಗಳ ಪಾಡು ಹೊಳೆಗೆ ಹೋಯಿತು ಅಂದುಕೊಂಡೆ. ಆ ತಾಯಿಯನ್ನು ಅನ್ನುವಂತೆಯೂ ಇರಲಿಲ್ಲ, ನಿಂತಲ್ಲೇ ತೂಗಾಡುವಷ್ಟು ದಣಿದಿದ್ದಳು. ಹುಡುಗಿ ಸದ್ದಿಗೆ ಎದ್ದು ಕಣ್ಣುಜ್ಜುತ್ತ ಹೊರಗೆ ಬಂದಳು. ತಾಯಿಯ ಕೈಯಲ್ಲಿ ಹಳೇ ಪತ್ರಿಕೆಯ ಪೊಟ್ಟಣವಿತ್ತು, ಮಗಳಿಗೆಂದು ತಂದ ಮಂಡಕ್ಕಿ. ಅಕ್ಕೋರು ಅದನ್ನು ಇಸಿದುಕೊಂಡು ಮಂಡಕ್ಕಿಯನ್ನೆಲ್ಲ ಮೇಜಿನ ಮೇಲೆ ಸುರಿದರು. ಕಾಗದ ಬಿಡಿಸಿ ಹುಡುಗಿಯ ಕೈಗಿಟ್ಟರು. ಅದು ಯಾವ ಊರಿನ ಯಾವ ಸುದ್ದಿಯೋ, ಅವಳು ಎಂದೂ ಕೇಳಿದ್ದಲ್ಲ, ಬಾಯಿಪಾಠಕ್ಕೆ ಸಿಗುವುದಲ್ಲ. ಹುಡುಗಿ ಒಂದು ಸಾಲಿನ ಕೆಳಗೆ ಬೆರಳಿಟ್ಟಳು. ತುಟಿ ಮಾತ್ರ ಆಡುತ್ತಿತ್ತು. ಆಮೇಲೆ, ಭಾರದ ಮೂಟೆ ಇಳಿಸುವವರ ಹಾಗೆ, ಒಂದೊಂದೇ ಅಕ್ಷರ ಇಳಿಸಿದಳು:

"ಹೊ... ಳೆ... ಗೆ... ನೀ... ರು... ಬಂ... ತು. ಹೊಳೆಗೆ ನೀರು ಬಂತು!"

ಅಷ್ಟು ಹೇಳಿ ಬಾಯಿ ಅಗಲಿಸಿ ಆಕಳಿಸಿದಳು.

"ಅಷ್ಟೇನಾ?" ಅಂದಳು ತಾಯಿ.

"ಅಷ್ಟೇ ಕಣವ್ವ," ಅಂದರು ಅಕ್ಕೋರು. "ಅಷ್ಟಕ್ಕೇ ನಮ್ಮೆಲ್ಲರ ಜೀವ ಹಣ್ಣಾಗೈತೆ. ನಿನ್ನ ಭಟ್ಟಿ ಬ್ಯಾಡ ಅನ್ನಾದಿಲ್ಲ ನಾನು, ಉಣ್ಣಾಕೆ ಬೇಕು. ಮಲಗಾಕೆ ಒಂದು ಗಳಿಗೆ ಕೊಡ್ತೀನಿ ಅಷ್ಟೇ. ಕರ್ಕಂಡು ಹೋಗ್ತಿಯೇನು, ಹೋಗು. ಆದ್ರೆ ಆ ಕಾಗದದಾಗೆ ಮುಂದೆ ಏನೈತೆ ಅಂತ ಆಕೀಗೆ ಯಾರು ಹೇಳ್ತಾರೆ?"

ತಾಯಿ ಕಾಗದವನ್ನು ಇಸಿದುಕೊಂಡು ಮಗಳು ಬೆರಳಿಟ್ಟ ಜಾಗವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಹುಡುಗಿ ಅಲ್ಲೇ ನಿಂತಿದ್ದಳು. ನಾಳೆ ಬರುತ್ತಾಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಆ ದಿನವೆಲ್ಲ ಅಕ್ಕೋರು ಯಾರನ್ನೂ ಬೈಯಲಿಲ್ಲ.

ಮಾರನೇ ದಿನ ಹುಡುಗಿ ಬಂದಳು. ಬಗಲಲ್ಲಿ ಗೋಣಿಚೀಲ ಬಿಚ್ಚಿ, ಹಳೇ ಸೀರೆಯ ಅಂಚು ಕೊಟ್ಟು ಹೊಲಿದ ಒಂದು ಹಾಸಿಗೆ. "ಅವ್ವ ಹೊಲಿದಳು. ಇದು ಮೆತ್ತಗೈತಂತೆ," ಅಂದಳು. ಅಕ್ಕೋರು ಅದನ್ನು ಮೂಗಿಗೆ ಹಿಡಿದು, "ಥೂ, ಹೊಗೆ ವಾಸ್ನೆ," ಎನ್ನುತ್ತ ಮೇಜಿನ ಕೆಳಗೆ ತಾವೇ ಹಾಸಿ, ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ತರಬೇತಿ ಮುಗಿದು ನನಗೆ ಕೆಲಸ ಸಿಕ್ಕಿದ್ದು ಜಗಳೂರು ಸೀಮೆಯಲ್ಲಿ. ಅಲ್ಲಿಯ ಶಾಲೆಗೆ ನಾನು ಕೊಂಡ ಮೊದಲ ಸಾಮಾನು ಒಂದು ಚಾಪೆ. ಶೇಂಗಾ ಬಿಡಿಸಿ ಬರುವ ಮಕ್ಕಳು, ತಮ್ಮಂದಿರನ್ನು ಎತ್ತಿಕೊಂಡೇ ಬೆಳೆದ ಮಕ್ಕಳು ಅದರ ಮೇಲೆ ಎಷ್ಟೋ ನಿದ್ದೆ ಮಾಡಿವೆ. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಇದೇನಮ್ಮಾ, ಛತ್ರವೇ?" ಎಂದು ಕೇಳಿದಾಗ, ನನಗೆ ಕಲಿಸಿದವರು ಹಿಂಗೇ ಕಲಿಸಿದ್ದಾರೆ ಸಾರ್ ಅಂದೆ. ಕಾಲು ನೋಯುವ ಸಂಜೆಗಳಲ್ಲಿ ಅಕ್ಕೋರ ನೆನಪಾಗಿ, ಒಮ್ಮೆ ಹೋಗಿ ಬರಬೇಕು ಅಂದುಕೊಳ್ಳುತ್ತಿದ್ದೆ. ರಜೆ ಬಂದರೆ ಮನೆಗೆಲಸ, ಮನೆಗೆಲಸ ಮುಗಿದರೆ ರಜೆ ಮುಗಿಯುತ್ತಿತ್ತು.

ಎಂಬತ್ತರ ದಶಕದಲ್ಲಿ ಒಂದು ದಿನ ಅಕ್ಕೋರು ಹೋದರೆಂಬ ಸುದ್ದಿ ಬಂತು. ಬಸ್ಸು ಬದಲಿಸುತ್ತ ನ್ಯಾಮತಿ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕೂರಿಸಿಯೇ ಮಣ್ಣು ಮಾಡುವ ನಮ್ಮ ಪದ್ಧತಿಯಂತೆ ಅವರನ್ನು ಮಲಗಿಸಿರಲಿಲ್ಲ. ಹಣೆಗೆ ವಿಭೂತಿ ಬಳಿದು, ಹೂವಿನ ಸರ ಹಾಕಿ, ಪಡಸಾಲೆಯ ಗೋಡೆಗೆ ಬೆನ್ನು ಆನಿಸಿ ಕೂರಿಸಿದ್ದರು. ಕಾಲು ಮಡಿಸಿತ್ತು, ಪಟ್ಟಿ ಬಿಚ್ಚಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಲ್ಲೇ ನನ್ನ ಕಾಲು ನಿಂತುಬಿಟ್ಟಿತು.

ಅವರ ತಂಗಿ ಮುಂದೆ ಬಿದ್ದು, ಮೊಣಕಾಲು ಹಿಡಿದು ಅಲುಗಾಡಿಸುತ್ತ, "ಏಳೇ ಅಕ್ಕಾ, ಎದ್ದೇಳೇ, ಯಾರು ಬಂದಾರೆ ನೋಡೇ," ಎಂದು ಗೋಳಾಡುತ್ತಿದ್ದರು. ನನಗೆ ಎಲ್ಲಿತ್ತೋ ಆ ಧ್ವನಿ, ಮಕ್ಕಳ ಮೇಲೆ ರೇಗುವ ಹಾಗೆ ರೇಗಿಬಿಟ್ಟೆ:

"ಎಬ್ಬಿಸಬ್ಯಾಡ್ರೀ ಅವರ್ನ. ಈಗ ಕುಂತಾರೆ, ಕುಂದರ್ಲಿ ಬಿಡ್ರೀ."