ಹಳದಿ ಅಂಗಿಯ ಗುಂಡಿಗಳು

ಅವರನ್ನು ಎಲ್ಲರೂ ಗುಂಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೊಸಬರು ಕೇಳಿದರೆ ರಸ್ತೆ ಅಗೆಯುವವರೇನೋ ಅಂದುಕೊಳ್ಳುತ್ತಿದ್ದರು. ಮಕ್ಕಳ ಬಟ್ಟೆ ಹೊಲಿಯುವ ಕಡೆ ಗುಂಡಿ ಹಚ್ಚುವ ಯಂತ್ರದ ಮುಂದೆ ಕೂತು ಕೂತೇ ಅವರ ತಲೆ ನರೆದದ್ದು.

ಕಾರ್ಖಾನೆ ಅನ್ನುವುದು ಬಾಯಿಮಾತಿಗೆ. ಟೈರ್ ಅಂಗಡಿಯ ಮೇಲೆ ಮೂರು ಕೋಣೆ, ಅಷ್ಟೇ. ಕೆಳಗೆ ಗಾಳಿ ತುಂಬುವ ಯಂತ್ರ ಹಾಕಿದರೆ ಮೇಲೆ ನೆಲ ನಡುಗುತ್ತಿತ್ತು. ಒಂದು ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಇನ್ನೊಂದರಲ್ಲಿ ಹೊಲಿಗೆ, ಕಿಟಕಿ ಇದ್ದ ಕೋಣೆಯಲ್ಲಿ ಮೇಸ್ತ್ರಿ. ಅವರು ಗುಂಡಿ ಹಚ್ಚಿ ಅಂಗಿಯನ್ನು ಪಕ್ಕಕ್ಕೆ ಹಾಕಿದರೆ, ಅಲ್ಲೇ ನೆಲದ ಮೇಲೆ ಕೂತ ಹೆಂಗಸರು ಒಳಮೈಯಲ್ಲಿ ಉಳಿದ ನೂಲಿನ ತುದಿಗೆ ಗಂಟು ಹಾಕಿ ಕತ್ತರಿಸುತ್ತಿದ್ದರು. ಅವರಲ್ಲಿ ಹಿರಿಯಳಿಗೆ ಕತ್ತರಿ ಅಕ್ಕ ಎಂದು ಹೆಸರು. ಅವಳ ನಾಲಿಗೆಯೂ ಅದೇ ಜಾತಿಯದು.

ಮೇಸ್ತ್ರಿ ಮಾತು ಕಡಿಮೆ. ಮನೆಯಲ್ಲಂತೂ ಇನ್ನೂ ಕಡಿಮೆ. ಆದರೆ ಕೆಲಸದ ವಿಷಯಕ್ಕೆ ಬಂದರೆ ಹಿಡಿದ ಹಟ ಬಿಡುವವರಲ್ಲ.

ಮಗಳು ಒಮ್ಮೆ ತನ್ನ ಎಳೆಗೂಸನ್ನು ಕರೆದುಕೊಂಡು ಬಂದಳು. ಮೇಸ್ತ್ರಿ ತಾವೇ ಗುಂಡಿ ಹಚ್ಚಿದ ಅಂಗಿ ತಂದು ಮೊಮ್ಮಗಳಿಗೆ ತೊಡಿಸಿದರು. ಸಂಜೆ ಬಿಚ್ಚಿ ನೋಡಿದರೆ ಮಗುವಿನ ಎದೆಯ ಮೇಲೆ ಕೆಂಪು ಗೀರು. ಒಳಗಿನ ಗಂಟು ಉಜ್ಜಿತ್ತು. ಹೆಂಡತಿ ಕೊಬ್ಬರಿ ಎಣ್ಣೆ ಸವರಿದಳು, ಮಗಳು ಬೇರೆ ಅಂಗಿ ತೊಡಿಸಿದಳು. ಮೇಸ್ತ್ರಿಗೆ ಮಾತ್ರ ಊಟ ಸೇರಲಿಲ್ಲ.

ಮರುದಿನ ಹೋದವರೇ ಹೆಂಗಸರಿಗೆ ಇನ್ನು ಗಂಟು ಬೇಡ, ನೂಲನ್ನು ಬಟ್ಟೆಯ ಹತ್ತಿರಕ್ಕೆ ಕತ್ತರಿಸಿಬಿಡಿ ಎಂದರು. ಗಂಟಿಲ್ಲದೆ ನಿಲ್ಲುತ್ತದೆಯೇ ಎಂದು ಕತ್ತರಿ ಅಕ್ಕ ಕೇಳಿದಳು. ಮೇಸ್ತ್ರಿ ಎಳೆದು ತೋರಿಸಿದರು. ನಿಂತಿತು. ಹೊಸದರಲ್ಲಿ ಎಲ್ಲವೂ ನಿಲ್ಲುತ್ತದೆ. ಆಗ ಕೈಯಲ್ಲಿದ್ದದ್ದು ಹಳದಿ ಅಂಗಿ, ತಿಂಗಳುಗಟ್ಟಲೆ ಅದೊಂದೇ ಕೆಲಸ. ಮೆತ್ತನೆಯ ಬಟ್ಟೆ, ಎದೆಗೆ ಬಿಳಿ ಗುಂಡಿ. ಆ ಅಂಗಿಗಳೆಲ್ಲ ಗಂಟಿಲ್ಲದೆ ಹೋದವು, ಬೇಗ ಮಾರಾಟವೂ ಆದವು.

ಸ್ವಲ್ಪ ಕಾಲ ಕಳೆದ ಮೇಲೆ ಒಬ್ಬ ಅಂಗಡಿಯವನು ಒಂದು ಹಳದಿ ಅಂಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಅದನ್ನು ತೊಟ್ಟಿದ್ದ ಕೂಸಿನ ಗಂಟಲಲ್ಲಿ ಗುಂಡಿ ಸಿಕ್ಕಿಕೊಂಡಿತ್ತಂತೆ. ಮುಖ ನೀಲಿಗಟ್ಟಿತ್ತಂತೆ. ಅಜ್ಜಿ ಕೂಸನ್ನು ಬೋರಲು ಹಾಕಿ ಬೆನ್ನಿಗೆ ಗುದ್ದಿದಾಗ ಹೊರಗೆ ಬಿತ್ತಂತೆ.

ಮೇಸ್ತ್ರಿ ಆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ಗುಂಡಿಯ ನೂಲಿನ ಮೋಟು ತುದಿಯನ್ನು ಉಗುರಿನಲ್ಲಿ ಹಿಡಿದು ಎಳೆದರು. ಸರಸರನೆ ಬಿಚ್ಚಿಕೊಂಡು ಗುಂಡಿ ಅಂಗೈಗೆ ಬಿತ್ತು. ಆ ಯಂತ್ರ ಹೊಲಿಯುವುದು ಒಂದೇ ನೂಲಿನಲ್ಲಿ. ಗಂಟಿಲ್ಲದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ತುದಿ ಜಾರುತ್ತದೆ, ಆಮೇಲೆ ಕೂಸಿನ ಬೆರಳೂ ಸಾಕು. ಇಷ್ಟು ವರ್ಷ ಆ ಯಂತ್ರದ ಮುಂದೆ ಕೂತವರಿಗೆ ಅದು ಹೊಳೆದಿರಲಿಲ್ಲ. ಆಗ ಮೊಮ್ಮಗಳ ಎದೆಯ ಗೀರೊಂದೇ ಕಣ್ಣಿಗೆ ಕಟ್ಟಿತ್ತು.

ಕಾರ್ಖಾನೆಯ ಮಾಲೀಕರು ಮೊದಲು ಕತ್ತರಿ ಅಕ್ಕನ ಮೇಲೆ ಏರಿಹೋದರು, ಕೆಲಸ ಬಿಡಿಸುತ್ತೇನೆ ಎಂದರು. ಅವಳು ಮಾಡಿದ್ದು ನಾನು ಹೇಳಿದ್ದನ್ನೇ, ಬಿಡಿಸುವುದಾದರೆ ನನ್ನನ್ನು ಬಿಡಿಸಿ ಎಂದರು ಮೇಸ್ತ್ರಿ. ಆಮೇಲೆ, ಹೋದ ಅಂಗಿಗಳನ್ನೆಲ್ಲ ವಾಪಸ್ ಕರೆಸಬೇಕು ಎಂದರು.

"ಒಂದು ಗುಂಡಿ ಬಿತ್ತು ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ ಮೇಸ್ತ್ರಿ? ಆ ಮಗು ಚೆನ್ನಾಗಿದೆ ತಾನೆ?"

"ಆ ಮಗು ಚೆನ್ನಾಗಿದೆ ಧಣಿ. ಮಿಕ್ಕ ಅಂಗಿಗಳ ಒಳಗೂ ಒಂದೊಂದು ಮಗು ಇದೆ."

ಮಾಲೀಕರು ಕೆಟ್ಟವರಲ್ಲ, ಹೆದರಿದ್ದರು. ಕೊನೆಗೆ ಒಪ್ಪಿದರು. ಅಂಗಡಿಗಳಲ್ಲಿ ಉಳಿದ ಅಂಗಿಗಳು ವಾಪಸ್ ಬಂದವು. ಮಾರಿಹೋದವಕ್ಕೆ ಏನು ಮಾಡುವುದು? ಅಂಗಡಿ ಬಾಗಿಲುಗಳಲ್ಲಿ ಚೀಟಿ ಅಂಟಿಸಿದರು: ಹಳದಿ ಅಂಗಿಯ ಗುಂಡಿ ಸಡಿಲ, ತಂದುಕೊಡಿ. ನರಪಿಳ್ಳೆಯೂ ಬರಲಿಲ್ಲ.

ಜನ ಯಾಕೆ ಬರುತ್ತಿಲ್ಲ ಎಂದು ಮೇಸ್ತ್ರಿ ಮನೆಯಲ್ಲಿ ಕೇಳಿದರು. ಹೆಂಡತಿ ಪಾತ್ರೆ ತೊಳೆಯುತ್ತಾ, "ಗುಂಡಿ ಸಡಿಲ ಅಂದ್ರೆ ಯಾರು ಬರ್ತಾರೆ? ಮನೇಲೇ ಎರಡು ಹೊಲಿಗೆ ಹಾಕ್ಕೊಂಡ್ರಾಯ್ತು ಅಂತಾರೆ. ನಾನಾದ್ರೂ ಅಷ್ಟೇ," ಎಂದಳು. ಬಿದ್ದದ್ದನ್ನು ಹೊಲಿಯುತ್ತಾರೆ, ಬೀಳಲಿರುವುದನ್ನು ಯಾರೂ ನೋಡುವುದಿಲ್ಲ.

ಮೇಸ್ತ್ರಿ ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದರು. ಬಾಗಿಲಲ್ಲೇ ನಿಂತು, ಗುಂಡಿ ಹಚ್ಚಿದವನು ನಾನೇ ಎಂದರು. ಅಜ್ಜಿ ಒಳಗೆ ಹೋಗಿ ಅದೇ ಗುಂಡಿಯನ್ನು ತಂದು ಅವರ ಮುಂದೆ ಹಿಡಿದಳು.

"ಬಾಯಲ್ಲಿ ಇಟ್ಕೊ. ನುಂಗೋ ಹಾಗೆ ಮಾಡು."

ಮೇಸ್ತ್ರಿ ಇಟ್ಟುಕೊಂಡರು. ಅಜ್ಜಿ ಬಾಯಿಗೆ ಬಂದ ಹಾಗೆ ಬೈದಳು. ಬಾಯಲ್ಲಿ ಗುಂಡಿ ಇದ್ದದ್ದರಿಂದ ಮೇಸ್ತ್ರಿ ಉತ್ತರ ಕೊಡುವ ಹಾಗಿರಲಿಲ್ಲ, ಇಲ್ಲದಿದ್ದರೂ ಕೊಡುತ್ತಿರಲಿಲ್ಲ. ಬೈದು ಸುಸ್ತಾದ ಮೇಲೆ ಅಜ್ಜಿ, ಸರಿ ಉಗುಳು, ಈಗ ಏನು ಮಾಡಬೇಕು ಅಂತಿದ್ದೀಯಾ ಎಂದಳು.

ಅಂದಿನಿಂದ ರಜೆಯ ದಿನ ಬಂತೆಂದರೆ ಇಬ್ಬರೂ ಬಜಾರಿನ ಮೂಲೆಯಲ್ಲಿ ಕೂರುತ್ತಿದ್ದರು. ಮೇಸ್ತ್ರಿಯ ಮುಂದೆ ಸೂಜಿ, ನೂಲು, ಕತ್ತರಿ. ಅಜ್ಜಿಯ ಹತ್ತಿರ ಬಾಯಿ. ಕಂಕುಳಲ್ಲಿ ಕೂಸಿರುವ ಯಾವ ಹೆಂಗಸು ಹಾದುಹೋದರೂ ನಿಲ್ಲಿಸಿ, ನನ್ನ ಮೊಮ್ಮಗು ಹೇಗೆ ನೀಲಿಯಾಯಿತು ಎಂದು ಹೇಳುತ್ತಿದ್ದಳು. ಚೀಟಿಗೆ ಬಾರದವರು ಅಜ್ಜಿಯ ಮಾತಿಗೆ ಓಡಿ ಹೋಗಿ ಅಂಗಿ ತಂದರು. ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ತಲೆ ಎತ್ತಿ, ನನ್ನದು ಎಂದು ಹೇಳಿ ಮತ್ತೆ ಹೊಲಿಯುತ್ತಿದ್ದರು. ಗಂಟು ಹಾಕಿ, ಅದು ಮೈಗೆ ತಾಗದ ಹಾಗೆ ಮೇಲೊಂದು ಬಟ್ಟೆಯ ತುಂಡು ಇಟ್ಟು ಹೊಲಿದು ಕೊಡುತ್ತಿದ್ದರು. ಕತ್ತರಿ ಅಕ್ಕ ಬಂದು ನೋಡಿ, "ಈ ಬುದ್ಧಿ ಆವತ್ತೇ ಬಂದಿದ್ರೆ ಬಿಸಿಲಲ್ಲಿ ಕೂರೋದು ತಪ್ತಿತ್ತು," ಎಂದು ಕುಟುಕಿ, ತಾನೂ ಒಂದು ಸೂಜಿ ತೆಗೆದುಕೊಂಡು ಕೂತಳು.

ವರ್ಷಗಳು ಹೋದವು. ಬರುವ ಅಂಗಿ ಅಪರೂಪವಾಯಿತು. ಆ ಕೂಸುಗಳೆಲ್ಲ ಈಗ ಶಾಲೆಗೆ ಹೋಗುತ್ತಿವೆ, ಇನ್ನು ಸಾಕು ಬಿಡಿ ಎಂದಳು ಹೆಂಡತಿ. ಮೇಸ್ತ್ರಿ ಚಪ್ಪಲಿ ಹಾಕಿಕೊಳ್ಳುತ್ತಾ, "ಮಕ್ಕಳು ಬೆಳೀತಾರೆ ಕಣೇ. ಅಂಗಿ ಬೆಳೆಯಲ್ಲ. ಮುಂದಿನ ಕೂಸಿಗೆ ಅಂತ ಪೆಟ್ಟಿಗೇಲಿ ಮಲಗಿರುತ್ತೆ," ಎಂದರು. ಹೋದರು.

ಹಾಗೇ ಒಂದು ಬೆಳಿಗ್ಗೆ ನೀರು ಕುಡಿಯಲು ಎದ್ದವರು ಗೋಡೆ ಹಿಡಿದು ಕೂತರು. ಮತ್ತೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಬಂದವರು ಹೇಳಿದರು. ಹೆಂಡತಿಗೆ ಆ ಮಾತು ಹಿಡಿಸಲಿಲ್ಲ. ತೊಂದರೆ ಕೊಟ್ಟಿದ್ದರೆ ಆರೈಕೆ ಮಾಡುತ್ತಿದ್ದಳು.

ಮನೆ ಬಿಕೋ ಎನ್ನುತ್ತಿತ್ತು. ಒಂದು ರಜೆಯ ದಿನ ಹೆಂಡತಿ ಸೂಜಿ ನೂಲು ತೆಗೆದುಕೊಂಡು ಬಜಾರಿನ ಮೂಲೆಗೆ ಹೋದಳು. ಅಜ್ಜಿ ಅಲ್ಲೇ ಇದ್ದಳು. ಸರಿದು ಜಾಗ ಮಾಡಿಕೊಟ್ಟಳು.

ಮಧ್ಯಾಹ್ನ ಒಬ್ಬಳು ತಾಯಿ ಬಂದಳು. ಕಂಕುಳಲ್ಲಿದ್ದ ಕೂಸಿನ ಮೈಮೇಲೆ ಹಳದಿ ಅಂಗಿ. ನಮ್ಮಕ್ಕನ ಮಗನದು, ಒಂದೆರಡು ಸಲ ತೊಟ್ಟು ಎತ್ತಿಟ್ಟದ್ದು, ಮೊನ್ನೆಯಷ್ಟೇ ಪೆಟ್ಟಿಗೆಯಿಂದ ತೆಗೆದೆ ಎಂದಳು. ಹೆಂಡತಿ ಅದನ್ನು ಬಿಚ್ಚಿಸಿ ತೊಡೆಯ ಮೇಲೆ ಹಾಕಿಕೊಂಡಳು. ಗುಂಡಿಗಳೆಲ್ಲ ಇದ್ದವು. ಮೇಸ್ತ್ರಿಯ ಕೈಕೆಲಸ. ಸಾಲು ನೆಟ್ಟಗೆ, ಗೆರೆ ಎಳೆದ ಹಾಗಿತ್ತು. ಹೀಗೇ ಮನೆಗೆ ಒಯ್ದು ಇಟ್ಟುಕೊಳ್ಳೋಣ ಅನ್ನಿಸಿತು. ಕೂಸಿಗೆ ಬೇರೆ ಅಂಗಿ ಕೊಡಿಸಿದರಾಯಿತು.

"ಅವನಿದ್ದಿದ್ರೆ ಏನ್ ಮಾಡ್ತಿದ್ದ?" ಎಂದಳು ಅಜ್ಜಿ.

ಹೆಂಡತಿ ಅಂಗಿಯನ್ನು ಒಳಮೈಗೆ ಮಗುಚಿದಳು. ಕತ್ತರಿ ಹಾಕಿದಳು. ಗುಂಡಿಗಳು ಒಂದೊಂದಾಗಿ ಮಡಿಲಿಗೆ ಬಿದ್ದವು. ಅವನ್ನೇ ಮತ್ತೆ ಹಚ್ಚಿ, ಗಂಟು ಹಾಕಿ, ಮೇಲೆ ಬಟ್ಟೆ ಇಟ್ಟು ಹೊಲಿದಳು. ಸಾಲು ಅಷ್ಟು ನೆಟ್ಟಗೆ ಬರಲಿಲ್ಲ.

ತಾಯಿ ಅಂಗಿ ತೊಡಿಸಿದ್ದೇ ತಡ, ಕೂಸು ಮೇಲಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಚೀಪಿತು, ಕಚ್ಚಿತು, ತಲೆ ಹಿಂದಕ್ಕೆ ಹಾಕಿ ಎಳೆಯಿತು. ಹೆಂಡತಿ ಕಣ್ಣು ತೆಗೆಯದೆ ನೋಡಿದಳು.

ಗುಂಡಿ ಬರಲಿಲ್ಲ. ಕೂಸು ಬೇಜಾರಾಗಿ ಬಿಟ್ಟಿತು.