ಬಿಸಿಲಿಗೆ ಬೇಲಿ

ನಾನು ಬಿಸಿಲಿನ ಪಕ್ಷದವನು. ಹಿರಿಯೂರಿನಲ್ಲಿ ಹುಟ್ಟಿದವನಿಗೆ ಬೇರೆ ಪಕ್ಷ ಸೇರುವ ಅವಕಾಶವೇ ಕಡಿಮೆ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಮ್ಮ ಚರ್ಚೆ. ಸಮುದ್ರದ ತಳವನ್ನು ಗುತ್ತಿಗೆ ಕೊಟ್ಟು ಎಣ್ಣೆ ತೆಗೆಸಬೇಕೇ, ಸೂರ್ಯನಿಗೆ ಸಬ್ಸಿಡಿ ಕೊಡಬೇಕೇ ಎಂಬುದನ್ನು ದೆಹಲಿಯವರು ನಮ್ಮನ್ನು ಕೇಳಿಯೇ ತೀರ್ಮಾನಿಸುತ್ತಾರೆಂಬ ನಂಬಿಕೆ ನಮಗೆ. ಎಣ್ಣೆಯ ಪಕ್ಷದ ನಾಯಕ ಗೊಬ್ಬರದಂಗಡಿ ರುದ್ರಪ್ಪ. ಸಮುದ್ರವನ್ನು ಆತ ಒಮ್ಮೆಯೂ ಕಂಡಿಲ್ಲ, ಆದರೆ ಅದರ ತಳದ ಬಗ್ಗೆ ಅವನಿಗೆ ಸಂಶಯವೇ ಇಲ್ಲ. “ಏನಪ್ಪ, ನಿನ್ನ ಸೂರ್ಯಂಗೆ ಸಬ್ಸಿಡಿ ಯಾಕೆ? ಅವನೇನು ಬಡವನಾ?” ಎಂದು ಕೆಣಕುತ್ತಿದ್ದ. ನಾನು ಭೂಮಿ, ಹೊಗೆ, ಮೊಮ್ಮಕ್ಕಳು ಎಂದು ಭಾಷಣಕ್ಕಿಳಿಯುತ್ತಿದ್ದೆ. ಅಷ್ಟರಲ್ಲಿ ಇಡ್ಲಿ ಆರಿಹೋಗುತ್ತಿತ್ತು.

ಹೀಗಿರುವಾಗ ಜವನಗೊಂಡನಹಳ್ಳಿಯ ನಮ್ಮ ಹೊಲವನ್ನೇ ಸೋಲಾರ್ ಕಂಪನಿಯವರು ಗುತ್ತಿಗೆಗೆ ಕೇಳಿಕೊಂಡು ಬಂದರು. ಸಿದ್ಧಾಂತವೇ ಮನೆ ಬಾಗಿಲಿಗೆ ಬಂದಂತಾಗಿ ನಾನು ಉಬ್ಬಿಹೋದೆ. ಅವರು ಹೋದ ಹಿಂದೆಯೇ ಕುರಿ ಕಾಯುವ ಮೈಲಾರಪ್ಪ ಬಂದ. ಕೊಯ್ಲಾದ ಮೇಲೆ ಅವನ ಮಂದೆ ನಮ್ಮ ಹೊಲದಲ್ಲಿ ಬೀಡುಬಿಡುವುದು ಅಪ್ಪನ ಕಾಲದ ರೂಢಿ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ.

“ಬಿಸಿಲಿಗೂ ಬೇಲಿ ಹಾಕ್ತಾರಂತಲ್ರಿ ಸ್ವಾಮಿ?” ಎಂದ.

ನಾನು ಹೋಟೆಲಿನ ಭಾಷಣವನ್ನೇ ಒಪ್ಪಿಸಿದೆ. ಅವನು ಪೂರ್ತಿ ಕೇಳಿದ.

“ಎಲ್ಲಾ ಸರಿ ಐತ್ರಿ. ಪಕ್ಕದ ಹೊಲಕ್ಕೂ ಆಗ್ಲೇ ತಂತಿ ಬಿದ್ದೈತೆ. ಕುರಿ ಎಲ್ಲಿಗೆ ಹೊಡ್ಕಂಡು ಹೋಗ್ಲಿ, ಅದನ್ನ ಹೇಳ್ರಿ.”

ನನ್ನ ಭಾಷಣದಲ್ಲಿ ಕುರಿಯೇ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಇಬ್ಬರೂ ಆ ಪಕ್ಕದ ಹೊಲ ನೋಡಲು ಹೋದೆವು. ಸೋಲಾರ್ ಪ್ಯಾನೆಲ್ಲುಗಳ ಸಂದಿಯಲ್ಲಿ ಸೊಂಟದೆತ್ತರದ ಹುಲ್ಲು. ಬಿಟ್ಟರೆ ಪ್ಯಾನೆಲ್ಲಿಗೆ ನೆರಳಾಗುತ್ತದೆಂದು ಒಬ್ಬಾತ ಪೆಟ್ರೋಲ್ ಮಿಷನ್ ಹಿಡಿದು ಗರ್ರೆಂದು ಕತ್ತರಿಸುತ್ತಿದ್ದ. ನನ್ನ ಪಕ್ಷದ ಅಂಗಳದಲ್ಲೇ ರುದ್ರಪ್ಪನ ಎಣ್ಣೆ ಉರಿಯುತ್ತಿತ್ತು. ತಂತಿಯಾಚೆ ಕುರಿಗಳು ಸಾಲಾಗಿ ನಿಂತು ನೋಡುತ್ತಿದ್ದವು.

“ಮಿಷನ್ನೂ ಹುಲ್ಲು ತಿಂತೈತೆ, ತಿನ್ಲಿ ಬಿಡ್ರಿ,” ಎಂದ ಮೈಲಾರಪ್ಪ. “ಗೊಬ್ಬರ ಎಲ್ಲಿ ಹಾಕ್ತೈತೆ?”

ಕುರಿಗಳನ್ನು ಒಳಗೆ ಬಿಡುವುದಾದರೆ ಮಾತ್ರ ಹೊಲ ಎಂದು ಕಂಪನಿಯವರಿಗೆ ಹೇಳಿಬಿಟ್ಟೆ. “ಕುರಿ ಬಗ್ಗೆ ನಮ್ಮಲ್ಲಿ ಪಾಲಿಸಿ ಇಲ್ಲ ಸಾರ್, ಮೇಲಿನವರನ್ನ ಕೇಳ್ತೀವಿ,” ಎಂದು ಹೋದವರು ಇನ್ನೂ ಕೇಳುತ್ತಲೇ ಇದ್ದಾರೆ.

ಸುದ್ದಿ ಹೋಟೆಲಿಗೆ ತಲುಪಿತು. ಸೂರ್ಯನಿಗೆ ಅಡ್ಡ ನಿಂತ ದ್ರೋಹಿ ಎಂದು ನಮ್ಮವರು ನನ್ನನ್ನು ಪಕ್ಷದಿಂದ ಹೊರಹಾಕಿದರು. ರುದ್ರಪ್ಪ ತನ್ನ ಪಕ್ಷಕ್ಕೆ ಸ್ವಾಗತಿಸಿ ಕಾಫಿ ಕೊಡಿಸಿದ, ಪೆಟ್ರೋಲ್ ಮಿಷನ್ನಿಗಿಂತ ಕುರಿಯೇ ಮೇಲೆಂಬ ನನ್ನ ಮಾತು ಕೇಳಿ ಅವನೂ ಹೊರಹಾಕಿದ. ಈ ವರ್ಷವೂ ಮೈಲಾರಪ್ಪನ ಮಂದೆ ನಮ್ಮ ಹೊಲದಲ್ಲಿ ಬೀಡುಬಿಟ್ಟಿದೆ. ನಾನೂ ಹೋಗಿ ಕುಳಿತಿರುತ್ತೇನೆ. ಯಾವ ಪಕ್ಷ ಎಂದು ಒಂದು ಕುರಿಯೂ ಕೇಳಿಲ್ಲ.