ಹನ್ನೊಂದರಲ್ಲಿ ಒಂದು ಕಂಪ್ಯೂಟರ್

ಕೋವಿಡ್ ಹಾವಳಿ ತಗ್ಗಿದ ವರ್ಷ ನಾನು ಹರಿಹರದ ಒಂದು ಖಾಸಗಿ ಲ್ಯಾಬ್ ಟೆಕ್ನಿಷಿಯನ್ ತರಬೇತಿ ಸಂಸ್ಥೆಯಲ್ಲಿ ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಇಪ್ಪತ್ತಾರು ವರ್ಷ ಅಂಕಗಳ ಲೆಡ್ಜರನ್ನು ಕೈಯಲ್ಲೇ ಬರೆದವನು. ಹಾಗಾಗಿ ಇನ್ನು ಮುಂದೆ ಅಂಕಪಟ್ಟಿಗಳೆಲ್ಲ ಬ್ಲಾಕ್‌ಚೈನ್‌ನಲ್ಲಿ ಎಂದು ಆಡಳಿತ ಮಂಡಳಿ ಹೇಳಿದಾಗ ನನಗೆ ಖುಷಿಯೇ ಆಯಿತು. ಲೆಡ್ಜರ್ ಮುಚ್ಚಿ ಬೀರುವಿನಲ್ಲಿಟ್ಟೆ.

ಬ್ಲಾಕ್‌ಚೈನ್ ಎಂದರೆ ಒಂದೇ ದಾಖಲೆ ಪುಸ್ತಕದ ಪ್ರತಿಗಳನ್ನು ಹಲವು ಕಂಪ್ಯೂಟರ್‌ಗಳು ಇಟ್ಟುಕೊಂಡು ಕಾಯುವುದು. ಒಬ್ಬರು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ನಮ್ಮ ಜಾಲದಲ್ಲಿ ಹನ್ನೊಂದು ಇದ್ದವು. ಒಂದನ್ನು ನಮ್ಮ ಕಚೇರಿಯಲ್ಲೇ ಕೂರಿಸಿದರು. ಕಾಯುವವರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದೆ. ಅದಕ್ಕೆ ಆ ಜಾಲದ್ದೇ ನಾಣ್ಯವಿದೆ, ನೇಟಿವ್ ಟೋಕನ್, ಮಾರಿದರೆ ದುಡ್ಡು ಬರುತ್ತದೆ ಎಂದರು. ಹೊಸ ಅಂಕಪಟ್ಟಿ ಸೇರಿಸುವ ಶುಲ್ಕವೂ ಅದರಲ್ಲೇ. ವಿದ್ಯಾರ್ಥಿಗಳಿಗೆ ಕಾಗದದ ಬದಲು ಕ್ಯೂಆರ್ ಕಾರ್ಡ್ ಕೊಟ್ಟೆವು; ಸ್ಕ್ಯಾನ್ ಮಾಡಿದರೆ ಜಾಲದಲ್ಲಿರುವ ಅಂಕಪಟ್ಟಿ ತೆರೆಯುತ್ತಿತ್ತು.

ಎರಡು ವರ್ಷದಲ್ಲಿ ಟೋಕನ್ ಬೆಲೆ ನೆಲಕಚ್ಚಿತು. ಜಾಲ ಕಟ್ಟಿದ ಕಂಪನಿ ಬಾಗಿಲು ಹಾಕಿತು. ನಾವ್ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಮಲೆಬೆನ್ನೂರಿನ ನಸ್ರೀನ್ ಬಂದದ್ದು ಆಮೇಲೆ. ನಮ್ಮ ಮೊದಲ ಕ್ಯೂಆರ್ ಬ್ಯಾಚಿನ ಜಾಣ ಹುಡುಗಿ. ದಾವಣಗೆರೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕಾಯಂ ಕೆಲಸಕ್ಕೆ ಆಯ್ಕೆಯಾಗಿದ್ದಳು.

“ಸ್ಕ್ಯಾನ್ ಮಾಡಿದ್ರೆ ಏನೂ ಬರವಲ್ದು ಸರ್. ಹತ್ತು ದಿನದಾಗ ಅಂಕಪಟ್ಟಿ ತೋರಿಸ್ಬೇಕಂತ್ರಿ.”

“ಹೆದರಬ್ಯಾಡ. ಹನ್ನೊಂದು ಕಡೆ ಐತೆ,” ಎಂದೆ, ದೊಡ್ಡ ಮನುಷ್ಯನ ಹಾಗೆ.

ಉಳಿದ ಕಂಪ್ಯೂಟರ್‌ಗಳನ್ನು ಇಟ್ಟುಕೊಂಡಿದ್ದವರ ಹಳೆಯ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರು ಎತ್ತಲಿಲ್ಲ, ಎತ್ತಿದವರು ಯಂತ್ರ ಮಾರಿದ್ದರು. ಕೊನೆಗೆ ನಸ್ರೀನಳನ್ನೂ ಕರೆದುಕೊಂಡು ದಾವಣಗೆರೆಯ ಮಂಡಿಪೇಟೆಗೆ ಹೋದೆ. ಅಲ್ಲಿನ ಒಬ್ಬ ಸಗಟು ವ್ಯಾಪಾರಿ ಟೋಕನ್ ಆಸೆಗೆ ಅಂಗಡಿಯ ಅಟ್ಟದ ಮೇಲೆ ಒಂದು ಕಂಪ್ಯೂಟರ್ ನಡೆಸುತ್ತಿದ್ದರು.

“ಟೋಕನ್ ಸತ್ತ ಮ್ಯಾಲೆ ಆ ಡಬ್ಬ ಇಟ್ಕಂಡು ಏನ್ ಮಾಡ್ಲಿ ಸರ್? ಗುಜರಿಗೆ ಹಾಕ್ದೆ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಮಕ್ಕಳ ಭವಿಷ್ಯ ಗುಜರಿಗೆ ಹಾಕಿದ್ರಲ್ರೀ!” ಎಂದು ಗಿರಾಕಿಗಳ ಮುಂದೆಯೇ ಕೂಗಾಡಿದೆ. ಅವರು ತಲೆತಗ್ಗಿಸಿ ಕೂತರು.

ಹೊರಗೆ ಬಂದ ಮೇಲೆ ನಸ್ರೀನ್ ಮೆಲ್ಲಗೆ ಕೇಳಿದಳು: “ಒಂದು ನಿಮ್ಮ ರೂಮ್‌ನಾಗೂ ಇತ್ತಲ್ರೀ ಸರ್? ಯಾವಾಗ್ಲೂ ಗುಂಯ್ ಅಂತಿತ್ತು.”

ಇತ್ತು. ಬೆಲೆ ಬಿದ್ದ ಮರು ತಿಂಗಳೇ ಅದನ್ನು ನಾನೇ ಆರಿಸಿದ್ದೆ. ಅದರಿಂದ ಬರುವುದಕ್ಕಿಂತ ಕರೆಂಟ್ ಬಿಲ್ಲೇ ಹೆಚ್ಚಾಗಿತ್ತು. ಉಳಿದ ಹತ್ತು ಇವೆಯಲ್ಲ ಎಂದುಕೊಂಡು, ಎಲ್ಲ ಅಳಿಸಿ ಪ್ರವೇಶಾತಿ ವಿಭಾಗಕ್ಕೆ ಕೊಟ್ಟಿದ್ದೆ. ಆ ಹತ್ತು ಜನರೂ ಹಾಗೆಯೇ ಅಂದುಕೊಂಡಿರಬೇಕು. ಮಂಡಿಪೇಟೆಯ ನಡುಬೀದಿಯಲ್ಲಿ ನನಗೆ ಅವಳ ಮುಖ ನೋಡಲಾಗಲಿಲ್ಲ.

ಅವಳು ತೇರ್ಗಡೆಯಾದದ್ದು ನಿಜ ಎಂದು ಸಂಸ್ಥೆಯ ಪತ್ರ ಬರೆದುಕೊಟ್ಟೆ. ಅಂಕಗಳಿಲ್ಲದ ಪತ್ರವನ್ನು ಆಸ್ಪತ್ರೆ ಒಪ್ಪಲಿಲ್ಲ. ಉತ್ತರ ಪತ್ರಿಕೆಗಳನ್ನು ನಿಯಮದ ಪ್ರಕಾರ ಎಂದೋ ನಾಶ ಮಾಡಿದ್ದೆವು. ಹನ್ನೊಂದನೇ ದಿನ ಆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು.

ಕಾಯುವವರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ನಾನು ಕೇಳಿದ್ದೆ. ಕೂಲಿ ನಿಂತ ದಿನ ಯಾರು ಕಾಯುತ್ತಾರೆ ಎಂದು ಕೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ, ಅದೂ ಬೇರೊಬ್ಬರ ಖರ್ಚಿನಲ್ಲಿ.

ನಿವೃತ್ತಿಗೆ ಮುಂಚೆ ಬೀರುವಿನಿಂದ ಲೆಡ್ಜರ್ ತೆಗೆದು ಆ ಬ್ಯಾಚಿನ ಹೆಸರುಗಳನ್ನೆಲ್ಲ ಬರೆದೆ. ನಸ್ರೀನಳ ಹೆಸರನ್ನೂ ಬರೆದೆ. ಅಂಕಗಳ ಕಾಲಂ ಖಾಲಿ ಬಿಟ್ಟೆ.